ವಿಕಿರಣ ಚಿಕಿತ್ಸೆಯ ಅಡ್ಡಪರಿಣಾಮ: ಮುಂಚಿತವಾಗಿ ಅರಿಯುವ ಬಗೆ



ಬಾಯಿಯ ಅರ್ಬುದಕ್ಕೆ, ಅಂದರೆ ಕ್ಯಾನ್ಸರಿಗೆ, ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ ಭಕ್ತರೊಬ್ಬರು ನಾಲ್ಕನೆಯ ವಾರದಲ್ಲಿ ನಮ್ಮಲ್ಲಿಗೆ ಬಂದರು. ಬಾಯೊಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಗಂಜಿ ನುಂಗುವುದೂ ಕಷ್ಟವಾಗಿತ್ತು. “ಡಾಕ್ಟ್ರ, ಕರೆಂಟ್ ಸಾಕಾತ್ರಿ. ನೀವ ಏನಾರ ಕಷಾಯ ಕೊಡ್ರಿ” ಎಂದರು. ನಾವು ಕಷಾಯ ಕೊಡಲಿಲ್ಲ. ಅಂದೇ ಅವರನ್ನು ಅರ್ಬುದ ತಜ್ಞರ ಬಳಿಗೆ ಮರಳಿ ಕಳುಹಿಸಿದೆವು.

ಕಾರಣವಿಷ್ಟೆ. ಬಾಯಿ, ಗಂಟಲುಗಳ ಅರ್ಬುದಕ್ಕೆ ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6–7 ವಾರ ನೀಡುತ್ತಾರೆ. ನಡುವೆ ನಿಲ್ಲಿಸಿದರೆ ಅಳಿದುಳಿದ ರೋಗಕೋಶಗಳು ಮತ್ತೆ ವೃದ್ಧಿಯಾಗುತ್ತವೆ. ಆದ್ದರಿಂದ ಅಡ್ಡಪರಿಣಾಮವು ಬರಿಯ ನೋವಿನ ಮಾತಲ್ಲ. ರೋಗಿಯನ್ನು ಚಿಕಿತ್ಸೆಯಿಂದಲೇ ವಿಮುಖನನ್ನಾಗಿ ಮಾಡುವ ಅಪಾಯ ಅದರಲ್ಲಿದೆ. ಅದು ಯಾರಿಗೆ ಹೆಚ್ಚು ಬಾಧಿಸೀತೆಂದು ಮೊದಲೇ ತಿಳಿಯಬಹುದೇ?

ಕಿವಿಗಳ ಮುಂಭಾಗದಲ್ಲಿ ದೊಡ್ಡ ಲಾಲಾಗ್ರಂಥಿಗಳೆರಡಿವೆ. ಬಾಯಿಯನ್ನು ತೇವವಾಗಿಟ್ಟು ರುಚಿಯನ್ನು ತಿಳಿಸುವ ಬೋಧಕ ಕಫದ ಕಾರ್ಯವೆಂದು ಆಯುರ್ವೇದವು ಹೇಳುವುದು ಇಂತಹ ಸ್ರಾವಕ್ಕೆ ಬಹು ಸಮೀಪದ್ದು. ವಿಕಿರಣ ತಗಲಿದರೆ ಈ ಗ್ರಂಥಿಗಳು ಬತ್ತುತ್ತವೆ. ಆದಕಾರಣ ಅವುಗಳಿಗೆ ತಗಲುವ ಸರಾಸರಿ ಪ್ರಮಾಣ, ಸಾಧ್ಯವಾದಲ್ಲಿ, ಸುಮಾರು 25 ಗ್ರೇ ಮೀರದಂತೆ ತಜ್ಞರು ಯೋಜಿಸುತ್ತಾರೆ. ಗ್ರೇ ಎಂಬುದು ದೇಹವು ಹೀರಿಕೊಂಡ ವಿಕಿರಣದ ಅಳತೆ.

ಆದರೆ ಸರಾಸರಿಯೊಂದೇ ಸಾಲದು. ನೆದರ್ಲೆಂಡ್ಸಿನ ಗ್ರೋನಿಂಗನ್ ನಗರದ ಸಂಶೋಧಕರು 2015ರಲ್ಲಿ ಮಹತ್ವದ ಸಂಗತಿಯೊಂದನ್ನು ಪ್ರಕಟಿಸಿದರು. ಗ್ರಂಥಿಯನ್ನು ಪುನಃ ಬೆಳೆಸಬಲ್ಲ ಕಾಂಡಕೋಶಗಳು ಅದರ ಮುಖ್ಯನಾಳದ ಸುತ್ತ ಹೆಚ್ಚಾಗಿರುತ್ತವೆ. ಆ ಭಾಗಕ್ಕೆ ಎಷ್ಟು ವಿಕಿರಣ ತಗಲಿತೆಂಬುದರ ಮೇಲೆ ಮುಂದೆ ಜೊಲ್ಲು ಊರುವುದು ಬಹುಮಟ್ಟಿಗೆ ನಿಂತಿದೆ. ಹೀಗಾಗಿ ಸರಾಸರಿ ಒಂದೇ ಇದ್ದರೂ ಇಬ್ಬರು ರೋಗಿಗಳ ಪಾಡು ಬೇರೆಯಾಗಬಹುದು.

ಇಲ್ಲಿ ಡೀಪ್ ಲರ್ನಿಂಗ್ ಎಂಬ ಗಣಕ ವಿಧಾನವು ನೆರವಾಗುತ್ತದೆ. ಹಿಂದಿನ ರೋಗಿಗಳ ಸಿಟಿ ಸ್ಕ್ಯಾನ್, ಎಲ್ಲೆಲ್ಲಿ ಎಷ್ಟು ವಿಕಿರಣ ತಲುಪಿತೆಂಬ ಮೂರು ಆಯಾಮದ ನಕ್ಷೆ, ಮುಂದೆ ಅವರಿಗೆ ಏನಾಯಿತೆಂಬ ದಾಖಲೆ, ಇವನ್ನು ಗಣಕಯಂತ್ರಕ್ಕೆ ಒದಗಿಸುತ್ತಾರೆ. ಅದು ತನ್ನ ಊಹೆಯನ್ನು ನಡೆದ ಸಂಗತಿಯೊಡನೆ ಹೋಲಿಸುತ್ತ, ತಪ್ಪಿದಾಗಲೆಲ್ಲ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಈ ಲೆಕ್ಕ ಅನೇಕ ಪದರಗಳಲ್ಲಿ ಸಾಗುವುದರಿಂದಲೇ ಆ ಹೆಸರು. ಒಂದು ಸರಾಸರಿ ಅಂಕಿಗೆ ಬದಲಾಗಿ ಇಡೀ ನಕ್ಷೆಯನ್ನೇ ಅದು ಗಮನಿಸಬಲ್ಲುದು. ಹೊಸ ರೋಗಿಯ ನಕ್ಷೆಯನ್ನು ತೋರಿಸಿದಾಗ, ಬಾಯೊಣಗುವ ಇಲ್ಲವೆ ನುಂಗಲಾಗದ ಸಂಭವ ಎಷ್ಟೆಂದು ತಿಳಿಸುತ್ತದೆ. ಅದರಂತೆ ಕಿರಣಗಳ ದಿಕ್ಕನ್ನೂ ಪ್ರಮಾಣವನ್ನೂ ಮೊದಲೇ ಸರಿಪಡಿಸಲು ಅವಕಾಶವಾಗುತ್ತದೆ.

ಮುನ್ಸೂಚನೆಯಿಂದ ಪ್ರಯೋಜನವೇನೆಂಬುದನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಅಲ್ಲಿ ಬಳಸಿದ್ದು ಇದಕ್ಕೆ ಹತ್ತಿರದ, ಯಂತ್ರಕಲಿಕೆಯ ಇನ್ನೊಂದು ವಿಧಾನ. ಅದು ಹೆಚ್ಚು ಅಪಾಯವುಳ್ಳವೆಂದು ಗುರುತಿಸಿದ 311 ಚಿಕಿತ್ಸೆಗಳನ್ನು ಎರಡು ಗುಂಪಾಗಿಸಿದರು. ವಾಡಿಕೆಯಂತೆ ವಾರಕ್ಕೊಮ್ಮೆ ತಪಾಸಣೆ ನಡೆದ ಗುಂಪಿನಲ್ಲಿ ತುರ್ತು ಚಿಕಿತ್ಸೆ ಬೇಕಾದ ಪ್ರಮಾಣ ಶೇ. 22.3, ವಾರಕ್ಕೆರಡು ಬಾರಿ ನಡೆದ ಗುಂಪಿನಲ್ಲಿ ಶೇ. 12.3. ಯಂತ್ರವು ಯಾರನ್ನೂ ಗುಣಪಡಿಸಲಿಲ್ಲ. ಯಾರ ಕಡೆ ಹೆಚ್ಚು ಗಮನ ಬೇಕೆಂದು ತಿಳಿಸಿತು. ಉಪಚಾರ ಮಾಡಿದವರು ವೈದ್ಯರೇ.

ಇದಕ್ಕೆ ಮಿತಿಯೂ ಉಂಟು. ಒಂದು ದೇಶದ ರೋಗಿಗಳಿಂದ ಕಲಿತ ಲೆಕ್ಕವು ತಂಬಾಕು, ಗುಟ್ಕಾ ಜಗಿಯುವ ನಮ್ಮವರಿಗೆ ಹಾಗೆಯೇ ಒಪ್ಪುವುದೆನ್ನಲಾಗದು. ಇಲ್ಲಿಯ ರೋಗಿಗಳಲ್ಲಿ ಪರೀಕ್ಷಿಸಿಯೇ ಬಳಸಬೇಕು. ಸಂಭವವೆಂದರೆ ಹಣೆಬರಹವೂ ಅಲ್ಲ.

ಇಂತಹ ಗಣಕವಿಲ್ಲದ ಆಸ್ಪತ್ರೆಯಲ್ಲೂ ತಾವು ಮಾಡಬಹುದಾದುದಿದೆ. ಚಿಕಿತ್ಸೆಗೆ ಮುನ್ನವೇ ಹಲ್ಲುಗಳನ್ನು ದಂತವೈದ್ಯರಿಗೆ ತೋರಿಸಿರಿ. “ನನಗೆ ಯಾವ ತೊಂದರೆ ಬರಬಹುದು, ಈಗಿನಿಂದ ಏನು ಮಾಡಲಿ?” ಎಂದು ತಜ್ಞರನ್ನು ಕೇಳಿರಿ. ತಂಬಾಕನ್ನು ಪೂರ್ಣವಾಗಿ ತ್ಯಜಿಸಿರಿ. ಬಾಯಿ ಹುಣ್ಣಾದರೆ, ನುಂಗಲು ಕಷ್ಟವಾದರೆ ಅಂದೇ ತಿಳಿಸಿರಿ. ನಮ್ಮದೇ ಆಗಲಿ, ಇತರರದೇ ಆಗಲಿ, ಕಷಾಯ, ಭಸ್ಮಗಳನ್ನು ಅವರ ಅರಿವಿಗೆ ಬಾರದಂತೆ ಸೇವಿಸಬೇಡಿರಿ.

ಆ ಭಕ್ತರಿಗೆ ಆಸ್ಪತ್ರೆಯಲ್ಲಿ ನೋವಿಗೆ ಔಷಧವೂ ಮೂಗಿನ ನಳಿಕೆಯ ಮೂಲಕ ಆಹಾರವೂ ದೊರೆತವು. ಅವರು ಚಿಕಿತ್ಸೆಯನ್ನು ಪೂರ್ಣಗೊಳಿಸಿದರು. ಇನ್ನೂ ಎರಡು ವಾರ ಮೊದಲೇ ಬಾಯಿಬಿಟ್ಟು ಹೇಳಿದ್ದರೆ, ಅವರು ಅಷ್ಟು ಬಳಲಬೇಕಾಗಿರಲಿಲ್ಲವೇನೋ.