ದಾರಿ ಬಿಡದಿದ್ದರೆ ದಂಡ, ಬಾರದೇ ಹೋದರೆ?

ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಬೇಕಾದರೂ ಆದೀತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಇದು. ಸರಿಯೇ. ಆದರೆ ಕರೆ ಮಾಡಿ ಎಷ್ಟು ಹೊತ್ತಾದರೂ ಆಂಬುಲೆನ್ಸೇ ಬರಲಿಲ್ಲವೆಂದರೆ ಯಾರನ್ನು ಕೇಳುವುದು? ಪೆಟ್ಟಾದ ನಂತರದ ಒಂದು ಗಂಟೆಯನ್ನು ‘ಗೋಲ್ಡನ್ ಅವರ್’ ಎಂದು ಅದೇ ತಿದ್ದುಪಡಿ ಗುರುತಿಸಿದೆ. ಆ ಗಂಟೆಯೊಳಗೆ ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸುವ ಹೊಣೆ ಯಾರದೆಂದು ಹೇಳಿಲ್ಲ.

ಮಲೆನಾಡಿನ ಒಂಟಿ ಮನೆಯಿಂದ ರಾತ್ರಿ 108ಕ್ಕೆ ಫೋನ್ ಹಚ್ಚಿದರೆ ಊರು, ತಾಲ್ಲೂಕು, ಹತ್ತಿರದ ಗುರುತು ಕೇಳುತ್ತಾರೆ. ‘ಶಾಲೆ ದಾಟಿ ಎಡಕ್ಕೆ, ಸಂಕದ ಆಚೆ’ ಎನ್ನುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಗುಡ್ಡ ಹತ್ತಿ ಮತ್ತೆ ಕರೆ ಮಾಡುವ ಹೊತ್ತಿಗೆ ಪಕ್ಕದ ಮನೆಯವರು ಜೀಪಿನಲ್ಲಿ ಕಂಬಳಿ ಹಾಸಿರುತ್ತಾರೆ. ಅದರಲ್ಲಿ ಆಕ್ಸಿಜನ್ ಇಲ್ಲ, ತುರ್ತು ಚಿಕಿತ್ಸೆಯ ತಂತ್ರಜ್ಞ (ಇಎಂಟಿ) ಇಲ್ಲ. ತಿರುವುಗಳಲ್ಲಿ ತಲೆ ಹೊರಳದಂತೆ ಹಿಡಿದುಕೊಳ್ಳಲು ಒಬ್ಬರು ಕೂರುತ್ತಾರೆ, ಅಷ್ಟೇ.

ಬೆಂಕಿ ಆರಿಸುವ ಸೇವೆಗೆ ಕರ್ನಾಟಕದಲ್ಲಿ 1964ರ ಕಾಯ್ದೆಯೇ ಇದೆ. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ದ ಹೆಸರಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆ ಮಾತ್ರ ಬರೀ ಒಂದು ಯೋಜನೆ. ಸರ್ಕಾರಿ ಆದೇಶ, ಟೆಂಡರ್, ಅನುದಾನದ ಮೇಲೆ ಓಡುವಂಥದ್ದು.

ತುರ್ತು ಚಿಕಿತ್ಸೆ ಸರ್ಕಾರದ ಹೊಣೆ ಎಂಬ ಮಾತನ್ನು ಕೋರ್ಟು ಎಂದೋ ಆಡಿದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕರೊಬ್ಬರಿಗೆ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಬಾಗಿಲು ತೋರಿಸಿತು. ಕೊನೆಗೆ ಖಾಸಗಿ ಆಸ್ಪತ್ರೆಯೇ ಗತಿಯಾಯಿತು. ಅವರ ಸಂಘಟನೆ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಸಲ್ಲಿಸಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ 25,000 ರೂಪಾಯಿ ಪರಿಹಾರ ಕೊಡಿಸಿತು. ಸಕಾಲದ ಚಿಕಿತ್ಸೆ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ಹಣವಿಲ್ಲವೆಂಬ ಸಬೂಬು ನಡೆಯದು ಎಂದಿತು. ಉಪಕರಣ, ಸಿಬ್ಬಂದಿ ಇರುವ ಆಂಬುಲೆನ್ಸ್ ಬೇಕೆಂದೂ ಹೇಳಿತು. ನಮ್ಮ ರಾಜ್ಯಕ್ಕೆ ವಾಹನಗಳೇನೋ ಬಂದವು, ಅವುಗಳ ಬೆನ್ನಿಗೆ ಕಾನೂನು ಬರಲಿಲ್ಲ.

‘ಅಗತ್ಯ ಸೇವೆ’ ಎಂಬ ಮಾತು ಸರ್ಕಾರಗಳಿಗೆ ನೆನಪಾಗುವುದು ಹೆಚ್ಚಾಗಿ ಮುಷ್ಕರದ ನೋಟಿಸ್ ಕೈಗೆ ಬಂದಾಗ. ಬಾಕಿ ಸಂಬಳಕ್ಕಾಗಿ 108ರ ಸಿಬ್ಬಂದಿ ಅಂಥ ಎಚ್ಚರಿಕೆ ಕೊಟ್ಟದ್ದು ಒಂದೆರಡು ಸಲವಲ್ಲ. ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ (ಎಸ್ಮಾ) ಜಾರಿಯಾದರೆ ಕೆಲಸ ನಿಲ್ಲಿಸುವುದು ಅಪರಾಧ. ಸಂಬಳ ನಿಲ್ಲಿಸಿದವರ ಬಗ್ಗೆ ಅದು ಚಕಾರವೆತ್ತದು. ನನಗೆ ಬೇಕಿರುವುದು ಇದರ ಇನ್ನೊಂದು ಮುಖ: ಸರ್ಕಾರವನ್ನೇ ಕಟ್ಟಿಹಾಕುವ ಕಾಯ್ದೆ. ನಗರದಲ್ಲಿ, ಹಳ್ಳಿಯಲ್ಲಿ, ಗುಡ್ಡಗಾಡಿನಲ್ಲಿ ಎಷ್ಟು ನಿಮಿಷದೊಳಗೆ ವಾಹನ ಬರಬೇಕು ಎಂಬುದು ಅದರಲ್ಲಿರಲಿ. ತಾಲ್ಲೂಕುವಾರು ತಡದ ಲೆಕ್ಕ ಪ್ರತಿ ತಿಂಗಳು ಹೊರಬೀಳಲಿ. ಟೆಂಡರ್ ಯಾರ ಕೈಗೆ ಹೋದರೂ ಆಂಬುಲೆನ್ಸ್ ಓಡಿಸುವ ಪೈಲಟ್‌ಗೂ ಇಎಂಟಿಗೂ ಸಂಬಳ ತಪ್ಪದಿರಲಿ. ತಡಕ್ಕೆ ಗುತ್ತಿಗೆದಾರನಿಂದ ದಂಡ ವಸೂಲಿಯಾದರೂ ಅದು ಖಜಾನೆಗೆ ಜಮೆ, ಕಾದವರಿಗಲ್ಲ. ಕಾದು ಕುಳಿತ ಮನೆಯವರು ದೂರು ಕೊಡಲು, ಪರಿಹಾರ ಕೇಳಲು ಜಿಲ್ಲೆಯಲ್ಲೇ ಒಬ್ಬ ಅಧಿಕಾರಿ ಇರಬೇಕು.