ನಿಮಗಿದು ಗೊತ್ತೆ? ಪುಷ್ಪಕ್ ಮತ್ತು ಪ್ರೊಪೆಲ್ಲರ್ ಪಿಚ್
ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಎರಡು ಸೀಟಿನ ‘ಪುಷ್ಪಕ್’ 1958ರಲ್ಲಿ ಮೊದಲು ಹಾರಿತು. ಎಂಜಿನ್ 90 ಅಶ್ವಶಕ್ತಿಯದು. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳನ್ನು ರೂಪಿಸಿದ, ನಾವು ಹೆಮ್ಮೆಪಡಬೇಕಾದ ವಿಮಾನವಿದು.

ಇಂಥ ಹಳೆಯ ಪುಟ್ಟ ವಿಮಾನಗಳಲ್ಲಿ ಪ್ರೊಪೆಲ್ಲರ್ ಅಲಗಿನ ಓರೆ ಸಾಮಾನ್ಯವಾಗಿ ಹಾರುವಾಗ ಬದಲಾಗದು. ಒಂದು ಸುತ್ತಿನಲ್ಲಿ ಪ್ರೊಪೆಲ್ಲರ್ ಲೆಕ್ಕದಲ್ಲಿ ಎಷ್ಟು ಮುಂದೆ ಸಾಗಬೇಕೋ ಅದೇ ಪಿಚ್. 48 ಇಂಚಿನ ಪಿಚ್, ನಿಮಿಷಕ್ಕೆ 2400 ಸುತ್ತು ಎಂದರೆ ಗಂಟೆಗೆ ಸುಮಾರು 175 ಕಿ.ಮೀ. ಅಲಗು ಗಾಳಿಯಲ್ಲಿ ಜಾರುವುದರಿಂದ ನಿಜವಾದ ವೇಗ ಸಾಮಾನ್ಯವಾಗಿ ಇನ್ನೂ ಕಡಿಮೆ.

ಪಿಚ್ ಕಡಿಮೆಯಿದ್ದರೆ, ಎರೆಹೊಲದಲ್ಲಿ ಸಣ್ಣ ಗೇರಿನ ಟ್ರ್ಯಾಕ್ಟರ್‌ನಂತೆ, ಎಂಜಿನ್ ಸಲೀಸಾಗಿ ತಿರುಗಿ ವಿಮಾನ ಬೇಗ ನೆಲ ಬಿಡುತ್ತದೆ. ಹೆಚ್ಚಿದ್ದರೆ ಉದ್ದ ರನ್‌ವೇ ಬೇಕು. ಆದರೆ ದೂರದ ಹಾರಾಟದಲ್ಲಿ ವೇಗ ಸಿಗುತ್ತದೆ. ಗಾಳಿ ತೆಳುವಾಗುವ ಬೇಸಿಗೆ ಮಧ್ಯಾಹ್ನ, ಚಿಕ್ಕ ರನ್‌ವೇಗೆ ಕಡಿಮೆ ಪಿಚ್ಚೇ ಒಳ್ಳೆಯದು.