ಹಿತ್ತಲಿನ ಗಿಡದಲ್ಲಿ ಹುಳುವು ಚಿಟ್ಟೆಯಾಗುವ ಬಗೆ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಬಳ್ಳಾರಿ ಜಿಲ್ಲೆ ಕುರುಗೋಡು ತಾಲ್ಲೂಕಿನ ಬಾದನಹಟ್ಟಿ ಹಾಗೂ ಸುತ್ತಲಿನ ಗ್ರಾಮಗಳ ಮನೆಯ ಹಿತ್ತಲುಗಳಲ್ಲಿ ಕರಿಬೇವು, ನಿಂಬೆ, ಬಿಲ್ವಪತ್ರೆ ಗಿಡಗಳನ್ನು ಬೆಳೆಸುವುದು ವಾಡಿಕೆಯಲ್ಲಿದೆ. ಈ ಗಿಡಗಳ ಎಳೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯನ್ನು ಹೋಲುವ ಹುಳುಗಳು ಕಂಡುಬಂದಾಗ, ಅವುಗಳನ್ನು ಕೂಡಲೇ ಹೊಸಕಿ ಹಾಕುವುದು ಅಥವಾ ಹೊಲಕ್ಕೆಂದು ತಂದು ಉಳಿದ ಕೀಟನಾಶಕವನ್ನು ಸಿಂಪಡಿಸುವುದು ಸಾಮಾನ್ಯ. ಆದರೆ ಈ ಹುಳುವೇ ಕೆಲವು ವಾರಗಳ ನಂತರ ನಿಂಬೆ ಚಿಟ್ಟೆಯಾಗಿ ಹಾರುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಚಿಟ್ಟೆಗೆ ಪಾತರಗಿತ್ತಿ ಎಂಬ ಹೆಸರಿದೆ. ಹುಳು ಮತ್ತು ಪಾತರಗಿತ್ತಿ ಒಂದೇ ಜೀವಿಯ ಎರಡು ರೂಪಗಳೆಂಬುದನ್ನು ಪಾಠದಲ್ಲಿ ಓದಿದವರು ಅನೇಕರು. ಕಣ್ಣಾರೆ ಕಂಡವರು ಕಡಿಮೆ. ಇದನ್ನು ಮನೆಯಲ್ಲಿಯೇ ವೀಕ್ಷಿಸುವ ವಿಧಾನವನ್ನೂ, ಗಿಡವನ್ನು ವಿಷವಿಲ್ಲದೆ ಕಾಪಾಡಿಕೊಳ್ಳುವ ಕ್ರಮವನ್ನೂ ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಯಾವುದೇ ಅರ್ಜಿ ಅಥವಾ ಶುಲ್ಕದ ಅಗತ್ಯವಿರುವುದಿಲ್ಲ.

2. ನಿಂಬೆ ಚಿಟ್ಟೆಯನ್ನು ಗುರುತಿಸುವುದು

ನಿಂಬೆ ಚಿಟ್ಟೆಯ ವೈಜ್ಞಾನಿಕ ಹೆಸರು ಪ್ಯಾಪಿಲಿಯೊ ಡೆಮೋಲಿಯಸ್. ಸ್ವೀಡನ್ ದೇಶದ ವಿಜ್ಞಾನಿ ಲಿನೇಯಸ್ 1758 ರಲ್ಲಿ ಇದಕ್ಕೆ ಹೆಸರು ನೀಡಿದರು. ರೆಕ್ಕೆ ಬಿಚ್ಚಿದಾಗ ಇದರ ಅಗಲ ಸುಮಾರು 8 ರಿಂದ 10 ಸೆಂಟಿಮೀಟರ್. ಕಪ್ಪು ರೆಕ್ಕೆಯ ತುಂಬ ತಿಳಿ ಹಳದಿ ಮಚ್ಚೆಗಳಿದ್ದು, ಹಿಂದಿನ ರೆಕ್ಕೆಯ ಒಳಅಂಚಿನಲ್ಲಿ ಒಂದು ಕೆಂಪು ಮಚ್ಚೆ ಇರುತ್ತದೆ. ಇದೇ ಗುಂಪಿನ ಅನೇಕ ಚಿಟ್ಟೆಗಳಿಗಿರುವಂತೆ ಇದಕ್ಕೆ ಬಾಲವಿರುವುದಿಲ್ಲ. ಕಾಲುವೆಯ ದಂಡೆಯಲ್ಲಿ ಒದ್ದೆ ಮಣ್ಣಿನ ಮೇಲೆ ಕುಳಿತು ಲವಣಾಂಶವನ್ನು ಹೀರುವ ಗಂಡು ಚಿಟ್ಟೆಗಳನ್ನು ಕಾಣಬಹುದು.

ಕರಿಬೇವು, ನಿಂಬೆ ಹಾಗೂ ಬಿಲ್ವ ಮೂರೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿವೆ. ಆದ್ದರಿಂದಲೇ ಈ ಚಿಟ್ಟೆಯು ಮೂರರ ಮೇಲೂ ಮೊಟ್ಟೆಯಿಡುತ್ತದೆ. ಹೆಣ್ಣು ಚಿಟ್ಟೆಯು ಮುಂಗಾಲುಗಳಿಂದ ಎಲೆಯನ್ನು ತಟ್ಟಿ, ಕಾಲಿನಲ್ಲಿರುವ ರುಚಿಗ್ರಾಹಿಗಳ ಮೂಲಕ ಅದು ತಕ್ಕ ಗಿಡವೇ ಎಂಬುದನ್ನು ಖಚಿತಪಡಿಸಿಕೊಳ್ಳುತ್ತದೆ.

3. ಜೀವನದ ನಾಲ್ಕು ಹಂತಗಳು

(ಅ) ಮೊಟ್ಟೆ: ಎಳೆಯ ಚಿಗುರಿನ ಮೇಲೆ ತಿಳಿ ಹಳದಿ ಬಣ್ಣದ, ಗುಂಡಗಿನ ಸಣ್ಣ ಮೊಟ್ಟೆಗಳನ್ನು ಒಂದೊಂದಾಗಿ ಇಡಲಾಗುತ್ತದೆ. ಸುಮಾರು 3 ರಿಂದ 5 ದಿನಗಳಲ್ಲಿ ಮರಿಹುಳು ಹೊರಬರುತ್ತದೆ. ಅದರ ಮೊದಲ ಆಹಾರ ತನ್ನದೇ ಮೊಟ್ಟೆಯ ಸಿಪ್ಪೆ.

(ಆ) ಹುಳು: ಇದು ತಿನ್ನುವ ಹಂತ. ಸುಮಾರು ಎರಡರಿಂದ ಮೂರು ವಾರಗಳ ಈ ಅವಧಿಯಲ್ಲಿ ಹುಳುವು ನಾಲ್ಕು ಬಾರಿ ಪೊರೆ ಕಳಚುತ್ತದೆ. ಆರಂಭದಲ್ಲಿ ಅದು ಕಂದು ಮತ್ತು ಬಿಳಿ ಬಣ್ಣದಿಂದ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಇದು ಹಕ್ಕಿಗಳ ಕಣ್ಣು ತಪ್ಪಿಸುವ ಉಪಾಯ. ಕೊನೆಯ ಪೊರೆ ಕಳಚಿದ ನಂತರ ಎಲೆಯಷ್ಟೇ ಹಸಿರಾಗುತ್ತದೆ. ಮುಟ್ಟಿದಲ್ಲಿ ತಲೆಯ ಹಿಂಭಾಗದಿಂದ ಕವಲೊಡೆದ ಕಿತ್ತಳೆ-ಕೆಂಪು ಬಣ್ಣದ ಕೊಂಬಿನಂತಹ ಅಂಗವನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಇದರಿಂದ ಮನುಷ್ಯರಿಗೆ ಅಪಾಯವಿಲ್ಲ.

(ಇ) ಕೋಶ: ಬಲಿತ ಹುಳುವು ತಿನ್ನುವುದನ್ನು ನಿಲ್ಲಿಸಿ, ಸೂಕ್ತ ಸ್ಥಳಕ್ಕಾಗಿ ಅಲೆದಾಡುತ್ತದೆ. ನಂತರ ಕಡ್ಡಿಯೊಂದಕ್ಕೆ ಬಾಲದ ತುದಿಯನ್ನು ರೇಷ್ಮೆ ಎಳೆಯಿಂದ ಅಂಟಿಸಿ, ನಡುವಿಗೆ ಒಂದು ಎಳೆಯನ್ನು ಸುತ್ತಿಕೊಂಡು, ತಲೆ ಮೇಲಾಗಿ ಒರಗಿ ನಿಲ್ಲುತ್ತದೆ. ಸುಮಾರು ಒಂದು ದಿನದ ಬಳಿಕ ಮತ್ತೊಮ್ಮೆ ಪೊರೆ ಕಳಚಿದಾಗ ಒಳಗಿನ ಕೋಶ ಕಾಣುತ್ತದೆ. ಸುತ್ತಲಿನ ಪರಿಸರಕ್ಕನುಗುಣವಾಗಿ ಕೋಶವು ಹಸಿರು ಅಥವಾ ಕಂದು ಬಣ್ಣದ್ದಾಗಿರುತ್ತದೆ. ರೇಷ್ಮೆಹುಳುವಿನಂತೆ ಇದು ಸುತ್ತಲೂ ಗೂಡು ಕಟ್ಟಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಈ ಹಂತ ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳದ್ದು.

(ಈ) ಚಿಟ್ಟೆ: ಹೊರಬರುವ ಮುನ್ನಾ ದಿನ ಕೋಶವು ಕಪ್ಪಾಗಿ, ಒಳಗಿನ ರೆಕ್ಕೆಯ ಬಣ್ಣ ಹೊರಗೆ ಕಾಣತೊಡಗುತ್ತದೆ. ಬಹುತೇಕ ಬೆಳಗಿನ ಹೊತ್ತಿನಲ್ಲಿ ಕೋಶ ಬಿರಿದು ಚಿಟ್ಟೆ ಹೊರಬರುತ್ತದೆ.

4. ಕೋಶದೊಳಗೆ ನಡೆಯುವುದೇನು?

ಹೊರಗಿನಿಂದ ನಿಶ್ಚಲವಾಗಿ ಕಾಣುವ ಕೋಶವನ್ನು ಸತ್ತದ್ದೆಂದು ಭಾವಿಸಿ ಕಿತ್ತೆಸೆಯುವುದುಂಟು. ವಾಸ್ತವವಾಗಿ ಅತಿ ಹೆಚ್ಚಿನ ಕೆಲಸ ನಡೆಯುವುದು ಇದೇ ಹಂತದಲ್ಲಿ. ಹುಳುವಿನ ಸ್ನಾಯು ಮತ್ತು ಜೀರ್ಣಾಂಗಗಳ ಬಹುಭಾಗ ಒಡೆದು ಕರಗುತ್ತದೆ. ರೆಕ್ಕೆ, ಉದ್ದನೆಯ ಕಾಲು, ಕುಡಿಮೀಸೆ ಮೊದಲಾದವು ಹುಳುವಿನ ದೇಹದಲ್ಲಿ ಮೊದಲಿನಿಂದಲೇ ಇದ್ದ ಸೂಕ್ಷ್ಮ ಜೀವಕೋಶಗಳ ಗುಂಪುಗಳಿಂದ ಬೆಳೆಯುತ್ತವೆ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಆಹಾರವೇ ಇದಕ್ಕೆಲ್ಲ ಬಂಡವಾಳ. ಹೊಸ ಜಮೆ ಏನೂ ಇರುವುದಿಲ್ಲ. ಎಲೆಯನ್ನು ಕಚ್ಚಿ ತಿನ್ನುತ್ತಿದ್ದ ಬಾಯಿಯ ಬದಲಿಗೆ ಮಕರಂದ ಹೀರುವ ಕೊಳವೆ ಸಿದ್ಧವಾಗುತ್ತದೆ.

ಹೊರಬಂದಾಗ ಚಿಟ್ಟೆಯ ರೆಕ್ಕೆಗಳು ಮುದುಡಿ ಒದ್ದೆಯಾಗಿರುತ್ತವೆ. ಅದು ಕಡ್ಡಿಯನ್ನು ಹಿಡಿದು ನೇತಾಡುತ್ತ ದೇಹದ ದ್ರವವನ್ನು ರೆಕ್ಕೆಯ ನಾಳಗಳಿಗೆ ತುಂಬುತ್ತದೆ. ಕೆಲವೇ ನಿಮಿಷಗಳಲ್ಲಿ ರೆಕ್ಕೆ ಬಿಚ್ಚಿಕೊಳ್ಳುತ್ತದೆಯಾದರೂ ಗಟ್ಟಿಯಾಗಲು ಒಂದೆರಡು ಗಂಟೆ ಬೇಕು. ಈ ಅವಧಿಯಲ್ಲಿ ಮುಟ್ಟಿದರೆ ಅಥವಾ ಜಾಗ ಸಾಲದಿದ್ದರೆ ರೆಕ್ಕೆ ಸೊಟ್ಟಗಾಗಿ, ಚಿಟ್ಟೆ ಎಂದಿಗೂ ಹಾರಲಾರದು.

5. ಎಕ್ಕದ ಗಿಡದ ಚಿಟ್ಟೆ

ಹಿತ್ತಲಿನಲ್ಲಿ ನಿಂಬೆ ಅಥವಾ ಕರಿಬೇವು ಇಲ್ಲದವರು ರಸ್ತೆಯ ಬದಿಯ ಎಕ್ಕದ ಗಿಡವನ್ನು ಪರಿಶೀಲಿಸಬಹುದು. ಅದರ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳ, ಮೂರು ಜೊತೆ ಕಪ್ಪು ಎಳೆಗಳಿರುವ ಹುಳು ಕಂಡುಬಂದಲ್ಲಿ ಅದು ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿ. ಎಕ್ಕದ ವಿಷವನ್ನು ಇದು ದೇಹದಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಇದನ್ನು ತಿನ್ನಲು ಹಿಂಜರಿಯುತ್ತವೆ. ಅಡಗುವ ಬದಲು ಎದ್ದು ಕಾಣುವ ಬಣ್ಣ ಇರುವುದು ಈ ಕಾರಣದಿಂದ. ಇದರ ಕೋಶ ತಲೆಕೆಳಗಾಗಿ ತೂಗುತ್ತದೆ. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿಯಾದ್ದರಿಂದ ಮಕ್ಕಳು ಎಲೆಯನ್ನು ಕೀಳದಂತೆ ನೋಡಿಕೊಳ್ಳತಕ್ಕದ್ದು.

6. ವೀಕ್ಷಿಸುವವರು ಅನುಸರಿಸಬೇಕಾದ ಕ್ರಮಗಳು

(1) ಸಾಧ್ಯವಾದಷ್ಟು ಹುಳುವನ್ನು ಗಿಡದಲ್ಲಿಯೇ ಬಿಟ್ಟು ದಿನಕ್ಕೆರಡು ಬಾರಿ ವೀಕ್ಷಿಸುವುದು ಉತ್ತಮ. ದಿನಾಂಕ ಹಾಗೂ ಕಂಡ ಬದಲಾವಣೆಯನ್ನು ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಯಿಸುವುದು.
(2) ಒಳಗೆ ಇಟ್ಟು ನೋಡುವುದಾದಲ್ಲಿ ಗಾಳಿಯಾಡುವ, ತೆಳು ಬಟ್ಟೆ ಕಟ್ಟಿದ ಅಗಲವಾದ ಡಬ್ಬಿಯನ್ನು ಬಳಸುವುದು. ಏರಲು ಒಂದು ಕಡ್ಡಿಯನ್ನು ನಿಲ್ಲಿಸುವುದು.
(3) ಯಾವ ಗಿಡದಿಂದ ಹುಳುವನ್ನು ತಂದಿದೆಯೋ ಅದೇ ಗಿಡದ ತಾಜಾ ಎಲೆಯನ್ನು ಪ್ರತಿದಿನ ನೀಡುವುದು. ಗಿಡ ಬದಲಾದಲ್ಲಿ ಹುಳು ಉಪವಾಸ ಬೀಳಬಹುದು.
(4) ಬಳ್ಳಾರಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಡಬ್ಬಿಯನ್ನು ಬಿಸಿಲಿಗೆ ಇಡಬಾರದು. ಮಳೆಯ ನಂತರ ಹೊಸ ಚಿಗುರು ಬರುವ ಕಾಲ ವೀಕ್ಷಣೆಗೆ ಅನುಕೂಲಕರ.
(5) ಮೈತುಂಬ ರೋಮವಿರುವ ಕಂಬಳಿಹುಳುಗಳನ್ನು ಬರಿಗೈಯಿಂದ ಮುಟ್ಟಬಾರದು. ಅವು ತುರಿಕೆ ಮತ್ತು ಊತ ಉಂಟುಮಾಡಬಹುದು.
(6) ಗುರುತು ಸಿಗದ ಚಿಟ್ಟೆಗಳನ್ನು ಹಿಡಿದು ಸಂಗ್ರಹಿಸಬಾರದು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ರ ಅನುಸೂಚಿಗಳಲ್ಲಿ ಕೆಲವು ಚಿಟ್ಟೆಗಳೂ ಸೇರಿವೆ.

7. ಗಿಡದ ರಕ್ಷಣೆ ಮತ್ತು ಕೀಟನಾಶಕದ ಕುರಿತು

ಬಲಿತ ಕರಿಬೇವು ಅಥವಾ ನಿಂಬೆ ಗಿಡವು ಕೆಲವು ಹುಳುಗಳು ತಿಂದ ಎಲೆಯನ್ನು ಮತ್ತೆ ಚಿಗುರಿಸಿಕೊಳ್ಳುತ್ತದೆ. ಆದರೆ ಮೊಣಕಾಲೆತ್ತರದ ಸಸಿಯನ್ನು ನಾಲ್ಕೈದು ಹುಳುಗಳು ಪೂರ್ಣವಾಗಿ ಬೋಳು ಮಾಡಬಲ್ಲವು. ಅಂತಹ ಸಂದರ್ಭದಲ್ಲಿ ಹುಳುಗಳನ್ನು ಎಲೆಸಹಿತ ಕಿತ್ತು ಅದೇ ಜಾತಿಯ ದೊಡ್ಡ ಗಿಡಕ್ಕೆ ವರ್ಗಾಯಿಸುವುದು ಸೂಕ್ತ. ಎರಡು ದಿನಗಳಿಗೊಮ್ಮೆ ಚಿಗುರನ್ನು ಪರಿಶೀಲಿಸಿದಲ್ಲಿ ಇಷ್ಟೇ ಸಾಕಾಗುತ್ತದೆ.

ಹತ್ತಿ ಮತ್ತು ಮೆಣಸಿನಕಾಯಿ ಬೆಳೆಗೆಂದು ತಂದ ಕೀಟನಾಶಕವನ್ನು ಹಿತ್ತಲಿನ ಕರಿಬೇವಿಗೆ ಯಾವುದೇ ಕಾರಣಕ್ಕೂ ಸಿಂಪಡಿಸಬಾರದು. ಕೀಟನಾಶಕವನ್ನು ನಿರ್ದಿಷ್ಟ ಬೆಳೆಗಳಿಗೆ, ಸಿಂಪಡಣೆ ಹಾಗೂ ಕೊಯ್ಲಿನ ನಡುವೆ ನಿಗದಿತ ದಿನಗಳ ಅಂತರವಿರಬೇಕೆಂಬ ಷರತ್ತಿನೊಂದಿಗೆ ಶಿಫಾರಸು ಮಾಡಲಾಗಿರುತ್ತದೆ. ಕರಿಬೇವಿನ ಎಲೆಯಾದರೋ ಕಿತ್ತ ಐದು ನಿಮಿಷದಲ್ಲಿ ಒಗ್ಗರಣೆಗೆ ಬೀಳುತ್ತದೆ. ಹುಳುವನ್ನು ಕೊಲ್ಲಲು ಹಾಕಿದ ವಿಷ ಅದೇ ದಿನ ಮನೆಮಂದಿಯ ಊಟದ ತಟ್ಟೆಗೆ ಬರುವ ಸಂಭವವಿದೆ. ಹೋಗುವುದು ಹತ್ತಿಪ್ಪತ್ತು ಎಲೆ. ಅದನ್ನು ಉಳಿಸಲು ಆರೋಗ್ಯವನ್ನು ಒತ್ತೆಯಿಡುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ. ವಾಣಿಜ್ಯ ಉದ್ದೇಶಕ್ಕೆ ನಿಂಬೆ ತೋಟ ಅಥವಾ ಸಸಿಮಡಿ ಮಾಡಿರುವವರು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಸಲಹೆ ಪಡೆಯುವುದು.

8. ಸಾಮಾನ್ಯವಾಗಿ ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಚಿಟ್ಟೆ ಹೊರಬಂದ ನಂತರ ಕೆಂಪು ಛಾಯೆಯ ದ್ರವ ಕಂಡುಬಂತು. ಅದು ರಕ್ತವೇ?
ಉತ್ತರ: ಅಲ್ಲ. ಕೋಶದ ಹಂತದಲ್ಲಿ ಸಂಗ್ರಹವಾದ ತ್ಯಾಜ್ಯವನ್ನು ಚಿಟ್ಟೆ ವಿಸರ್ಜಿಸುತ್ತದೆ. ಇದು ಸಹಜ.

ಪ್ರಶ್ನೆ: ಕೋಶದಲ್ಲಿ ಸಣ್ಣ ರಂಧ್ರವಾಗಿದ್ದು ಚಿಟ್ಟೆ ಬರಲಿಲ್ಲವೇಕೆ?
ಉತ್ತರ: ಪರಾವಲಂಬಿ ಕಣಜಗಳು ಹುಳು ಅಥವಾ ಕೋಶದೊಳಗೆ ಮೊಟ್ಟೆಯಿಟ್ಟಿರುತ್ತವೆ. ಅವುಗಳ ಮರಿಗಳು ಒಳಗನ್ನು ತಿಂದು ಹೊರಬಂದ ಗುರುತು ಅದು. ಹಕ್ಕಿ, ಓತಿಕ್ಯಾತ, ಜೇಡ ಹಾಗೂ ಇಂತಹ ಕಣಜಗಳಿಂದಾಗಿ ಇಟ್ಟ ಮೊಟ್ಟೆಗಳಲ್ಲಿ ಕೆಲವು ಮಾತ್ರ ಚಿಟ್ಟೆಯ ಹಂತ ತಲುಪುತ್ತವೆ.

ಪ್ರಶ್ನೆ: ಕೋಶ ಬಿರಿಯುವಾಗ ಸಹಾಯ ಮಾಡಬಹುದೇ?
ಉತ್ತರ: ಮಾಡಬಾರದು. ಕೋಶವನ್ನು ಬಿಡಿಸಿದಲ್ಲಿ ಚಿಟ್ಟೆಗೆ ಹಾನಿಯಾಗುತ್ತದೆ.

ಪ್ರಶ್ನೆ: ಚಿಟ್ಟೆಗಳನ್ನು ನೋಡಲು ಬೇರೆ ವ್ಯವಸ್ಥೆ ಇದೆಯೇ?
ಉತ್ತರ: ಬೆಂಗಳೂರಿನ ಬಳಿ ಬನ್ನೇರುಘಟ್ಟದಲ್ಲಿ 2006 ರಲ್ಲಿ ಚಿಟ್ಟೆ ಉದ್ಯಾನ ಆರಂಭವಾಗಿದೆ. ಆದರೆ ಮೊಟ್ಟೆಯಿಂದ ಚಿಟ್ಟೆಯವರೆಗಿನ ಪೂರ್ಣ ಬದಲಾವಣೆಯನ್ನು ದಿನದಿನವೂ ನೋಡಲು ಮನೆಯ ಕರಿಬೇವಿನ ಗಿಡವೊಂದೇ ಸಾಕು.

ಸಾರ್ವಜನಿಕರು ತಮ್ಮ ಹಿತ್ತಲಿನ ಗಿಡಗಳಲ್ಲಿ ಹುಳು ಕಂಡುಬಂದಾಗ ಔಷಧಿಯ ಡಬ್ಬಿಯನ್ನು ತೆರೆಯುವ ಮೊದಲು ಗಿಡದ ಎತ್ತರ, ಹುಳುಗಳ ಸಂಖ್ಯೆ ಹಾಗೂ ಅದು ಯಾವ ಹುಳು ಎಂಬುದನ್ನು ಪರಿಶೀಲಿಸಬೇಕಾಗಿ ಕೋರಲಾಗಿದೆ.